ಪಾದ ಕಾಣದ ಕಾಳಗ

ಪುಟ್ಟೂ, ಚಿನ್ನೀ, ಹೋದ ವಾರ ಫೋನಿನಲ್ಲಿ ನೀವಿಬ್ಬರೂ ಮತ್ತೆ ಆ ಹಳೆಯ ಜಗಳ ತೆಗೆದು ನಗುತ್ತಿದ್ದಿರಿ. ನೀಲಿ ನಿಲುವಂಗಿಯವನು ಹೆಚ್ಚೋ, ಎರಡು ಜಡೆಯವಳು ಹೆಚ್ಚೋ ಎಂದು. ಪುಟ್ಟುವಿಗೆ ಈಗ ಗಡ್ಡ ಬಂದಿದೆ. ಚಿನ್ನಿ ತಾನೇ ಕಾರು ಓಡಿಸಿಕೊಂಡು ಹ್ಯೂಸ್ಟನ್‌ನಿಂದ ಡಾಲಸ್‌ಗೆ ಹೋಗಿ ಬರುತ್ತಾಳೆ. ಜಗಳ ಮಾತ್ರ ಹತ್ತು ವರ್ಷದ ಮಕ್ಕಳದ್ದೇ. ನಿಮಗೆ ಅದು ನಗುವ ಸಂಗತಿಯಾಗಿ ಉಳಿದಿದೆ. ಆಗ ನನಗೆ ಹಾಗಿರಲಿಲ್ಲ. ಅದನ್ನು ಫೋನಿನಲ್ಲಿ ಹೇಳಲು ಹೋದೆ, ಆಗಲಿಲ್ಲ. ನಾಲ್ಕು ಜನ ಕೇಳುತ್ತಿದ್ದಾರೆ ಎಂದರೆ ನನಗೆ ಮಾತು ಬರುವುದಿಲ್ಲ, ನಿಮಗೇ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ. ಊರ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಕಲಿತ ಅಕ್ಷರ. ಓದಲು ಕಷ್ಟವಾದರೆ ನಿಮ್ಮ ಅಮ್ಮಂದಿರ ಕೈಯಲ್ಲಿ ಓದಿಸಿಕೊಳ್ಳಿ.

ನಿಮ್ಮ ತಾತ ಹೋದ ಮರುವರ್ಷ ನಾನು ಮೊದಲ ಸಲ ಅಲ್ಲಿಗೆ ಬಂದೆ. ವೀಸಾ ಆರು ತಿಂಗಳದ್ದು. ನನ್ನ ಇಬ್ಬರು ಹೆಣ್ಣುಮಕ್ಕಳು ಅದನ್ನು ಸಮನಾಗಿ ಹಂಚಿಕೊಂಡಿದ್ದರು. ಮೊದಲ ಮೂರು ತಿಂಗಳು ಡಾಲಸ್‌ನಲ್ಲಿ ದೊಡ್ಡವಳ ಮನೆ, ಅಂದರೆ ಪುಟ್ಟುವಿನ ಮನೆ. ಆಮೇಲಿನ ಮೂರು ತಿಂಗಳು ಹ್ಯೂಸ್ಟನ್ ಪಕ್ಕದ ದ ವುಡ್‌ಲ್ಯಾಂಡ್ಸ್‌ನಲ್ಲಿ ಚಿಕ್ಕವಳ ಮನೆ, ಚಿನ್ನಿಯ ಮನೆ.

ಡಾಲಸ್‌ನಲ್ಲಿ ಬೇಸಿಗೆ ರಜೆ. ಹೊರಗೆ ಕಾಲಿಡುವಂತಿರಲಿಲ್ಲ. ನಮ್ಮ ಕಡೆಯ ಎರೆಭೂಮಿಯ ಹಾಗೆ ಅಲ್ಲಿಯ ಕಪ್ಪು ಮಣ್ಣೂ ಬಿಸಿಲಿಗೆ ಬಾಯಿ ಬಿಡುತ್ತಿತ್ತು. ಮನೆಯ ತಳಪಾಯ ಕದಲಬಾರದೆಂದು ದೊಡ್ಡ ಅಳಿಯಂದಿರು ಗೋಡೆಯ ಸುತ್ತ ಪೈಪು ಎಳೆದು ನೆಲಕ್ಕೆ ನೀರುಣಿಸುತ್ತಿದ್ದರು. ಮನೆಗೆ ನೀರು ಹಾಕುವುದನ್ನು ನಾನು ಅಲ್ಲೇ ಮೊದಲು ನೋಡಿದ್ದು. ಒಳಗೆ ಪುಟ್ಟು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ದಿನವೂ ಕ್ಯಾಸೆಟ್ ಹಾಕುತ್ತಿದ್ದ. ಆಕಾಶದಲ್ಲಿ ನಡೆಯುವ ದೊಡ್ಡ ಕಥೆ. ಮೂರು ಚಂದ್ರ ಇರುವ ಊರುಗಳು, ನಕ್ಷತ್ರದಿಂದ ನಕ್ಷತ್ರಕ್ಕೆ ಹೋಗುವ ಹಡಗುಗಳು, ಆ ದಾರಿಗಳನ್ನು ಕಾಯುವ ವೀರರು. ಅವರ ಕೈಯಲ್ಲಿ ಎರಡೂ ತುದಿ ಉರಿಯುವ ಉದ್ದನೆಯ ಕೋಲು. ಅದನ್ನು ನಾನು ಮಿಂಚುಗೋಲು ಎನ್ನುತ್ತಿದ್ದೆ. ವೀರರ ಹೆಸರುಗಳು ನನ್ನ ನಾಲಿಗೆಗೆ ಹೊರಳಲಿಲ್ಲ. ಹಾಗಾಗಿ ಬಟ್ಟೆ ನೋಡಿ, ಜಡೆ ನೋಡಿ ಕರೆಯುತ್ತಿದ್ದೆ.

ಪುಟ್ಟುವಿನ ಹತ್ತಿರ ಸುರುಳಿ ತಂತಿಯ ಒಂದು ನೋಟ್‌ಬುಕ್ ಇತ್ತು. ಅದರಲ್ಲಿ ಹದಿನಾಲ್ಕು ವೀರರ ಪಟ್ಟಿ. ವೇಗಕ್ಕೆ ಇಷ್ಟು, ಬಲಕ್ಕೆ ಇಷ್ಟು, ಹಾರುವುದಕ್ಕೆ ಇಷ್ಟು, ತಡೆಯುವುದಕ್ಕೆ ಇಷ್ಟು ಎಂದು ಹತ್ತಕ್ಕೆ ಅಂಕ ಹಾಕಿದ್ದ. ಎಲ್ಲದರಲ್ಲೂ ನೀಲಿ ನಿಲುವಂಗಿಯವನೇ ಮೊದಲು. ಒಂದು ದಿನ ನಾನು ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದೆ.

"ಅಜ್ಜಿ, ಹೂ ಈಸ್ ದ ಬೆಸ್ಟ್? ನೀಲಿ ಅಲ್ವಾ?"

"ಹೌದು ಕಣಪ್ಪ, ನಿನ್ನೋನೇ ಜೋರು" ಎಂದೆ, ತಲೆ ಎತ್ತದೆ.

ಮೂರು ತಿಂಗಳಾದ ಮೇಲೆ ನನ್ನನ್ನು ಕೈ ಬದಲಾಯಿಸಿದರು. ಡಾಲಸ್ ಮತ್ತು ಹ್ಯೂಸ್ಟನ್ ನಡುವೆ, ಹೆದ್ದಾರಿ ಪಕ್ಕದ ಪೆಟ್ರೋಲ್ ಬಂಕಿನಲ್ಲಿ ಎರಡೂ ಕಾರು ಬಂದು ನಿಂತವು. ಒಂದರ ಡಿಕ್ಕಿಯಿಂದ ಇನ್ನೊಂದರ ಡಿಕ್ಕಿಗೆ ನನ್ನ ಸೂಟ್‌ಕೇಸು, ದೇವರ ಪೆಟ್ಟಿಗೆ, ಉಪ್ಪಿನಕಾಯಿ ಜಾಡಿ ಹೋದವು. ಅವುಗಳ ಹಿಂದೆ ನಾನು. ಪುಟ್ಟುವೂ ಚಿನ್ನಿಯೂ ಅಲ್ಲೇ ನಿಂತು ಜಗಳ ಶುರು ಮಾಡಿದ್ದರು.

"ಟೂ ಬ್ರೇಡ್ಸ್ ವುಡ್ ಕ್ರಶ್ ಹಿಮ್!"

"ಅವಳು ಬರೀ ಸ್ಪಿನ್ ಮಾಡ್ತಾಳೆ. ಶಿ ಈಸ್ ಅ ಫ್ಯಾನ್!"

ಚಿನ್ನಿಗೆ ಎರಡು ಜಡೆಯವಳೆಂದರೆ ಪ್ರಾಣ. ನಿನಗೆ ನೆನಪಿದೆಯೋ ಇಲ್ಲವೋ ಚಿನ್ನೀ, ಆ ದಿನಗಳಲ್ಲಿ ಎರಡು ಜಡೆ ಹಾಕದೆ ನೀನು ಶಾಲೆಯ ಬಸ್ಸು ಹತ್ತುತ್ತಿರಲಿಲ್ಲ. ನಿನ್ನ ಮನೆಯಲ್ಲಿ ಮೊದಲ ವಾರವೇ ನೀನೂ ಕೇಳಿದೆ. ನಾನು ನಿನ್ನ ಜಡೆ ಹೆಣೆಯುತ್ತಿದ್ದೆ, ರಿಬ್ಬನ್ ನನ್ನ ಹಲ್ಲಿನ ನಡುವೆ ಇತ್ತು.

"ಅಜ್ಜಿ, ನಿಜವಾಗಿ ಯಾರು ಬೆಸ್ಟ್?"

"ನಿನ್ನೋಳೇ ಜೋರು ಕಣಮ್ಮ."

ಎಲ್ಲರಿಗೂ ಹೌದು ಎನ್ನುವುದು ನನಗೆ ಚಿಕ್ಕಂದಿನಿಂದ ಬಂದ ಅಭ್ಯಾಸ. ಹೌದು ಎಂದರೆ ಯಾರೂ ಮತ್ತೆ ನಮ್ಮ ಮುಖ ನೋಡುವುದಿಲ್ಲ. ಆ ಹುಡುಗಾಟದ ಪ್ರಶ್ನೆಗೆ ಸುಳ್ಳು ಹೇಳಿದೆ ಎಂದು ನನಗೆ ಅನ್ನಿಸಲೂ ಇಲ್ಲ.

ಒಂದು ಭಾನುವಾರ ಫೋನನ್ನು ಸ್ಪೀಕರಿಗೆ ಹಾಕಿ ಅಕ್ಕತಂಗಿಯರು ಮಾತಾಡುತ್ತಿದ್ದರು. ನಡುವೆ ನೀವಿಬ್ಬರೂ ಬಾಯಿ ಹಾಕಿದಿರಿ.

"ಅಜ್ಜೀನೇ ಹೇಳಿದಾಳೆ, ನೀಲಿ ಅಂತ" ಎಂದ ಪುಟ್ಟು ಆ ಕಡೆಯಿಂದ.

"ನೋ! ನಂಗೆ ಹೇಳಿದ್ದು, ಎರಡು ಜಡೆ ಅಂತ!" ಎಂದಳು ಚಿನ್ನಿ ಈ ಕಡೆಯಿಂದ.

ಆಮೇಲೆ ಚಿನ್ನಿ ನನ್ನ ಕಡೆ ತಿರುಗಿ, ಕೋಪವೂ ಇಲ್ಲದ ದನಿಯಲ್ಲಿ ಹೇಳಿದಳು: "ಅಜ್ಜಿ ಜಸ್ಟ್ ಸೇಸ್ ಯೆಸ್ ಟು ಎವ್ರಿಬಡಿ."

ನಿಮ್ಮ ಅಮ್ಮಂದಿರು ಬಿದ್ದು ಬಿದ್ದು ನಕ್ಕರು. "ಅಮ್ಮಾ, ಸಿಕ್ಕಿ ಬಿದ್ದೆ ನೋಡು!" ಎಂದಳು ದೊಡ್ಡವಳು. ನಾನೂ ನಕ್ಕೆ.

ಆದರೆ ಅಲ್ಲಿಂದ ಮುಂದಕ್ಕೆ ಬೇರೆಯದೇ ಶುರುವಾಯಿತು. ಚಿನ್ನಿ ಚಿತ್ರ ಬರೆದು ತೋರಿಸಿದಾಗ ಚೆನ್ನಾಗಿದೆ ಎಂದೆ. ಅವಳು ನನ್ನ ಮುಖವನ್ನು ಒಂದು ಗಳಿಗೆ ನೋಡಿ, ಅದೇ ಚಿತ್ರ ಹಿಡಿದು ಅವರಮ್ಮನ ಹತ್ತಿರ ಹೋಗಿ ಮತ್ತೆ ಕೇಳಿದಳು. ಮುಂದಿನ ಭಾನುವಾರ ಫೋನಿನಲ್ಲಿ ಪುಟ್ಟುವಿಗೆ, "ನಿನ್ನ ನೆನಪಾಗುತ್ತೆ ಕಣೋ" ಎಂದೆ. ಅವನು, "ಚಿನ್ನೀಗೂ ಹಂಗೇ ಹೇಳ್ತೀಯಾ?" ಎಂದು ಕೇಳಿದ.

ಅವನು ಕೆಟ್ಟ ಮನಸ್ಸಿನಿಂದ ಕೇಳಲಿಲ್ಲ. ತಿಳಿದುಕೊಳ್ಳಲು ಕೇಳಿದ. ಅದೇ ನನಗೆ ಹೆಚ್ಚು ಚುಚ್ಚಿತು. ಡಿಸೆಂಬರ್ ಮೊದಲ ವಾರಕ್ಕೆ ನನ್ನ ಟಿಕೆಟ್ ಇತ್ತು. ನಿಮಗೆ ನನ್ನ ಭಾಷೆಯೇ ಅರ್ಧ ಗೊತ್ತು, ನನಗೆ ನಿಮ್ಮದು ಅಷ್ಟೂ ಇಲ್ಲ. ನಡುವೆ ಇದ್ದ ನಾಲ್ಕು ಮಾತನ್ನೂ ನೀವು ನಂಬುವುದಿಲ್ಲ ಎಂದಾದರೆ ನಾನು ಏನನ್ನು ಬಿಟ್ಟು ವಿಮಾನ ಹತ್ತಲಿ ಎಂದು ಪೈನ್ ಮರಗಳ ಕೆಳಗೆ ಅಡ್ಡಾಡುತ್ತಾ ಯೋಚಿಸಿದೆ.

ನಿಜ ಹೇಳಬೇಕೆಂದರೆ, ಆ ವೀರರ ಬಗ್ಗೆ ನನಗೆ ಮೊದಲ ದಿನದಿಂದಲೇ ಒಂದು ಅಭಿಪ್ರಾಯ ಇತ್ತು. ಬಾಯಿ ಬಿಟ್ಟಿರಲಿಲ್ಲ, ಅಷ್ಟೇ.

ನವೆಂಬರ್ ಕೊನೆಯ ನಾಲ್ಕು ದಿನದ ರಜೆಗೆ ಎರಡೂ ಸಂಸಾರ ಆಸ್ಟಿನ್‌ನಲ್ಲಿ ಸೇರಿದೆವು. ಚಿಕ್ಕ ಅಳಿಯಂದಿರ ಸ್ನೇಹಿತರೊಬ್ಬರು ಊರಿಗೆ ಹೋಗುವಾಗ ಮನೆಯ ಬೀಗ ಕೊಟ್ಟು ಹೋಗಿದ್ದರು. ಸುಣ್ಣದ ಕಲ್ಲಿನ ಮನೆ. ನೀವಿಬ್ಬರೂ ಸೋಫಾದ ಆ ತುದಿಯಲ್ಲೊಬ್ಬರು, ಈ ತುದಿಯಲ್ಲೊಬ್ಬರು. ಇಬ್ಬರ ಹತ್ತಿರವೂ ಪ್ಲಾಸ್ಟಿಕ್ಕಿನ ಮಿಂಚುಗೋಲು. ನಡುವೆ ಆ ನೋಟ್‌ಬುಕ್.

ಮಾರನೆಯ ಬೆಳಿಗ್ಗೆ ಕಾಫಿ ಲೋಟ ಹಿಡಿದು ಹಿತ್ತಲಿಗೆ ಹೋದವಳು ಅಲ್ಲೇ ನಿಂತುಬಿಟ್ಟೆ. ಹುಲ್ಲು ಮುಗಿದ ಮೇಲೆ ಒಂದಷ್ಟು ಜಾಗಕ್ಕೆ ಕೆಂಪು ಕಲ್ಲಿನ ಪುಡಿ ಹಾಸಿದ್ದರು. ಸಣ್ಣ ಮರಳಿನಷ್ಟು ನುಣುಪು. ನನ್ನ ಅಪ್ಪನ ಅಂಗಳದ್ದೇ ಬಣ್ಣ.

ಇದನ್ನು ನಿಮ್ಮ ಅಮ್ಮಂದಿರಿಗೂ ನಾನು ಸರಿಯಾಗಿ ಹೇಳಿರಲಿಲ್ಲ. ನನ್ನ ಅಪ್ಪ ಊರಿನ ಹುಡುಗರಿಗೆ ದೊಣ್ಣೆವರಸೆ ಹೇಳಿಕೊಡುತ್ತಿದ್ದರು. ಗರಡಿಮನೆಯ ಒಳಕ್ಕೆ ಹೆಂಗಸರು ಕಾಲಿಡುವಂತಿಲ್ಲ. ಹೊರಗೆ, ಕೋಲು ತಿರುಗಿಸುವ ಅಂಗಳ ಮಾತ್ರ ನನ್ನ ಪಾಲಿಗೆ ಬಂದಿತ್ತು. ಬೆಳಗಾಗೆದ್ದು ಅದಕ್ಕೆ ನೀರು ಚಿಮುಕಿಸಿ, ಹಲಗೆ ಎಳೆದು ಮಟ್ಟ ಮಾಡುವುದು ನನ್ನ ಕೆಲಸ. ಹುಡುಗರು ಆಡುವುದನ್ನು ನಾನು ಒಂದು ದಿನವೂ ನೋಡಲಿಲ್ಲ. ಆ ಹೊತ್ತಿಗೆ ನಾನು ಅಡುಗೆಮನೆಯಲ್ಲಿ. ಆದರೆ ಮಟ್ಟ ಮಾಡುವ ಮೊದಲು ಹಿಂದಿನ ಸಂಜೆಯ ಹೆಜ್ಜೆಗಳೆಲ್ಲ ಅಲ್ಲೇ ಇರುತ್ತಿದ್ದವು. ಯಾರು ನುಗ್ಗಿದ, ಯಾರು ಹೆದರಿದ, ಯಾರ ಹಿಮ್ಮಡಿ ನೆಲಕ್ಕೆ ತಾಗಲಿಲ್ಲ. ನೋಡಿ ನೋಡಿ ಅಭ್ಯಾಸವಾಯಿತು. ಒಮ್ಮೆ ಒಬ್ಬ ಹುಡುಗನ ಎಡ ಹಿಮ್ಮಡಿ ಮೂರು ದಿನದಿಂದ ಊರುತ್ತಿಲ್ಲ ಎಂದು ಅಪ್ಪನಿಗೆ ಹೇಳಿಬಿಟ್ಟೆ. ನೋಡಿದರೆ ಮುಳ್ಳು ಮುರಿದು ಕೀವಾಗಿತ್ತು. ಅವತ್ತಿನಿಂದ ನಾನು ಹಲಗೆ ಎಳೆಯುವ ಮೊದಲು ಅಪ್ಪ ಬಂದು ನಿಲ್ಲುತ್ತಿದ್ದರು. "ಏನು ಕಾಣ್ತದವ್ವ?" ಎಂದು ಕೇಳುತ್ತಿದ್ದರು. ಅಪ್ಪನಿಗೆ ಮಾತ್ರ ನಾನು ಹೌದು ಎಂದು ತೇಲಿಸಲಿಲ್ಲ. ಕಂಡದ್ದನ್ನು ಹೇಳುತ್ತಿದ್ದೆ.

ಆಸ್ಟಿನ್‌ನ ಆ ಹಿತ್ತಲಲ್ಲಿ ಲೋಟ ಕೆಳಗಿಟ್ಟೆ. ನೀರಿನ ಪೈಪು ಹುಡುಕಿ ಚಿಮುಕಿಸಿದೆ. ಗ್ಯಾರೇಜಿನಲ್ಲಿ ಒಂದು ಮರದ ಹಲಗೆ ಸಿಕ್ಕಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಎಳೆಯತೊಡಗಿದೆ.

"ಅಮ್ಮಾ, ಏನ್ ಮಾಡ್ತಿದೀಯಾ! ಬೇರೆಯವರ ಮನೆ ಕಣಮ್ಮ!" ಎಂದು ದೊಡ್ಡವಳು ಓಡಿ ಬಂದಳು.

"ಹಾಳೇನೂ ಮಾಡಲ್ಲ, ಇರೇ. ಮಕ್ಕಳನ್ನ ಕರಿ."

ನೀವು ಬಂದಿರಿ. ನಾನು ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ನಿಧಾನ ಮಾಡಿದ್ದರೆ ನಾಚಿಕೆ ಬಂದುಬಿಡುತ್ತಿತ್ತು.

"ಇಬ್ರೂ ಬರಿಗಾಲಲ್ಲಿ ಇದರ ಮೇಲೆ ಕೋಲು ಕಾಳಗ ಆಡಿ. ನಾನು ಒಳಗೆ ಹೋಗಿರ್ತೀನಿ. ಮುಗಿದ ಮೇಲೆ ಕರೀರಿ. ಏನೇನಾಯ್ತು ಅಂತ ನಾನು ಹೇಳ್ತೀನಿ. ತಪ್ಪಾದ್ರೆ ಇನ್ಮೇಲೆ ನನ್ನ ಮಾತು ನಂಬಬೇಡಿ."

ಪುಟ್ಟು ಕಣ್ಣು ಕಿರಿದು ಮಾಡಿದ. "ಕಿಟಕಿಯಿಂದ ನೋಡ್ತೀಯಾ. ದಟ್ಸ್ ಚೀಟಿಂಗ್."

"ನಿಮ್ಮ ಚಿಕ್ಕಮ್ಮನ್ನ ಕಾವಲಿಗೆ ಇಟ್ಕೋ."

ಚಿಕ್ಕವಳು ನಗುತ್ತಾ ನನ್ನನ್ನು ಒಲೆಯ ಮುಂದೆ ಗೋಡೆಗೆ ಮುಖ ಮಾಡಿ ನಿಲ್ಲಿಸಿದಳು. ಹೊಗೆ ಎಳೆಯುವ ಫ್ಯಾನು ಜೋರಾಗಿ ಹಾಕಿದಳು, ಸದ್ದೂ ಕೇಳದ ಹಾಗೆ. ಆರು ಚಪಾತಿ ಬೇಯಿಸಿದೆ. ಆರನೆಯದು ಸೀದುಹೋಯಿತು. ಆ ಪುಡಿಯಲ್ಲಿ ಹೆಜ್ಜೆ ಮೂಡುತ್ತದೋ ಇಲ್ಲವೋ, ಇಷ್ಟು ವರ್ಷವಾದ ಮೇಲೆ ನನ್ನ ಕಣ್ಣಿಗೆ ಏನಾದರೂ ಕಾಣುತ್ತದೋ ಇಲ್ಲವೋ ಯಾರಿಗೆ ಗೊತ್ತು?

"ಅಜ್ಜೀ, ಡನ್!"

ಹೊರಗೆ ಬಂದೆ. ಇಬ್ಬರೂ ಏದುಸಿರು ಬಿಡುತ್ತಾ ಹುಲ್ಲಿನ ಮೇಲೆ ನಿಂತಿದ್ದಿರಿ, ಮುಖದಲ್ಲಿ ಏನೂ ತೋರಿಸದೆ. ನಾನು ಅಂಗಳದ ಸುತ್ತ ಒಂದು ಸುತ್ತು ಬಂದೆ. ಮೊದಲು ಎಲ್ಲ ಕಲಸಿಕೊಂಡ ಹಾಗೆ ಕಂಡಿತು. ಆಮೇಲೆ ಒಂದು ಹೆಜ್ಜೆ ಸಿಕ್ಕಿತು, ಅದು ಇನ್ನೊಂದನ್ನು ತೋರಿಸಿತು.

"ಚಿನ್ನಿ ಇಲ್ಲಿ ನಿಂತಳು. ಎರಡು ಹಿಮ್ಮಡಿಯೂ ಜೋಡಿಸಿದಾಳೆ. ಹೆದರಿದ್ದೆ ನೀನು."

"ಐ ವಾಸ್ ನಾಟ್!" ಎಂದೆ ನೀನು. ಪುಟ್ಟು ನಕ್ಕ.

"ನಗಬೇಡ. ಇಲ್ಲಿ ನಿನ್ನ ಬೆರಳು ಮಾತ್ರ ಮೂಡಿದೆ, ಹಾರಿದ್ದೀಯ. ನೀಲಿಯವನ ಹಾಗೆ. ಇಳಿದಾಗ ಎರಡೂ ಕಾಲು ಒಟ್ಟಿಗೆ ಧೊಪ್ಪೆಂದು ಬಿದ್ದಿವೆ ನೋಡು, ಎಷ್ಟು ಆಳ. ಪಕ್ಕದಲ್ಲೇ ಚಿನ್ನಿಯ ಎಡಗಾಲು ಊರಿದೆ. ಆಗ ಅವಳು ನಿನಗೆ ಹೊಡೆದಳು."

ಪುಟ್ಟುವಿನ ಕೈ ತಾನಾಗಿಯೇ ಮೊಣಕೈ ಸವರಿಕೊಂಡಿತು.

"ಇಲ್ಲಿ ಗುಂಡಗೆ ಗುಳಿ ಬಿದ್ದಿದೆ. ಚಿನ್ನಿ ಹಿಮ್ಮಡಿಯ ಮೇಲೆ ಸುತ್ತಿದಾಳೆ, ಎರಡು ಜಡೆಯವಳ ಹಾಗೆ. ಸುತ್ತಿದಾಗ ಬೆನ್ನು ಅವನ ಕಡೆ ಆಯ್ತು. ಬೆನ್ನಿಗೆ ಏಟು ತಿಂದೆ."

"ಹೌ ಡಸ್ ಶಿ ನೋ?" ಎಂದು ಚಿನ್ನಿ ಪುಟ್ಟುವನ್ನು ಕೇಳಿದಳು. ಒಂದು ತಿಂಗಳಲ್ಲಿ ನೀವಿಬ್ಬರೂ ಜಗಳವಿಲ್ಲದೆ ಆಡಿದ ಮೊದಲ ಮಾತು ಅದು.

ಮುಂದಿನ ಗುರುತಿನ ಹತ್ತಿರ ನಾನು ಕುಕ್ಕರುಗಾಲಲ್ಲಿ ಕುಳಿತೆ. ಒಂದು ಅಂಗೈ, ಒಂದು ಮಂಡಿ. ಚಿನ್ನಿ ಬಿದ್ದಿದ್ದಳು. ಅದರ ಎದುರಿಗೆ ಪುಟ್ಟುವಿನ ಬಲಗಾಲು ಅರ್ಧ ಹೆಜ್ಜೆ ಹಿಂದಕ್ಕೆ ಸರಿದಿತ್ತು. ಪಕ್ಕದಲ್ಲಿ ಕೋಲಿನ ತುದಿ ಊರಿದ ಒಂದು ಸಣ್ಣ ತೂತು.

ಆ ತೂತಿನ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿದೆ. ದೊಡ್ಡವಳು, "ಅಮ್ಮಾ?" ಎಂದಳು.

"ಚಿನ್ನಿ ಜಾರಿ ಬಿದ್ದಳು. ಪುಟ್ಟು ಹಿಂದಕ್ಕೆ ಸರಿದು ಕೋಲು ಕೆಳಗೂರಿದ. ಅವಳು ಎದ್ದುಕೊಳ್ಳಲಿ ಅಂತ. ಆಮೇಲೆ ಅವಳು ಎದ್ದು ಹೊಡೆದಳು, ಅವನ ಹೆಜ್ಜೆ ಹುಲ್ಲಿನ ತನಕ ಹಿಂದಕ್ಕೆ ಹೋಗಿದೆ ನೋಡಿ. ಗೆದ್ದದ್ದು ಚಿನ್ನಿ."

"ಯೆಸ್, ನಾನೇ ಗೆದ್ದೆ!" ಎಂದ ನೀನು ಆ ತೂತನ್ನು ನೋಡಿ ನಿಂತೆ. ಬಿದ್ದಾಗ ನಿನ್ನ ಮುಖ ನೆಲಕ್ಕಿತ್ತಲ್ಲ, ಅವನು ಕಾದದ್ದು ನಿನಗೆ ಕಂಡಿರಲಿಲ್ಲ. "ಯು ವೇಟೆಡ್?"

ಪುಟ್ಟುವಿನ ಕಿವಿ ಕೆಂಪಾಗಿತ್ತು. "ನಂಗೆ ಕಾಲು ನೋಯ್ತಿತ್ತು, ಅಷ್ಟೇ."

"ಸುಳ್ಳು" ಎಂದೆ. ಎಲ್ಲರೂ ನನ್ನ ಮುಖ ನೋಡಿದರು. ಯಾರಿಗಾದರೂ ನೇರವಾಗಿ ಸುಳ್ಳು ಎಂದದ್ದು ನನ್ನ ಬಾಯಿಂದ ಅವರು ಕೇಳಿರಲಿಲ್ಲ. "ಈ ಹೆಜ್ಜೆ ನಂಗೆ ಗೊತ್ತು ಕಣೋ. ಮೊದಲೇ ನೋಡಿದೀನಿ."

ಆಮೇಲೆ ಅಲ್ಲೇ ಕುಳಿತು ಹೇಳಿದೆ, ತಡವರಿಸುತ್ತಾ. ನಿಮ್ಮ ಅಮ್ಮಂದಿರು ಅಲ್ಲಲ್ಲಿ ಇಂಗ್ಲಿಷಿಗೆ ತಿರುಗಿಸಿದರು. ಅಪ್ಪನ ಅಂಗಳದಲ್ಲಿ ಒಬ್ಬ ಹುಡುಗನ ಹೆಜ್ಜೆ ಇತ್ತು. ಎದುರಿನವನ ಅಂಗೈ ಗುರುತು ನೆಲದಲ್ಲಿ ಇದ್ದಲ್ಲೆಲ್ಲ ಅವನ ಬಲಗಾಲು ಅರ್ಧ ಹೆಜ್ಜೆ ಹಿಂದೆ ಇರುತ್ತಿತ್ತು. ತುಂಬ ಸಲ ಸೋಲುತ್ತಿದ್ದ. ಒಂದು ಬೆಳಿಗ್ಗೆ ಅಪ್ಪ ಆ ಹೆಜ್ಜೆ ತೋರಿಸಿ, "ಇವನ ಮನೆಯವರು ನಿನ್ನ ಕೇಳಿದಾರೆ. ಏನು ಕಾಣ್ತದವ್ವ?" ಎಂದರು. ಆವರೆಗೆ ನಾನು ಅವನ ಮುಖ ನೋಡಿರಲಿಲ್ಲ. "ಚೆನ್ನಾಗೈತೆ" ಎಂದೆ. ಹಲಗೆ ಎಳೆಯುವಾಗ ಆ ಒಂದು ಹೆಜ್ಜೆಯನ್ನು ಅಳಿಸದೆ ಬಿಟ್ಟೆ.

ಆ ಹುಡುಗನೇ ನಿಮ್ಮ ತಾತ. ಅವರಿಗೆ ಇದನ್ನು ನಾನು ಹೇಳಲೇ ಇಲ್ಲ. ಮೂವತ್ತು ವರ್ಷಕ್ಕೂ ಮೇಲೆ ಒಂದೇ ಮನೆಯಲ್ಲಿದ್ದು ಹೇಳಲು ಹೊತ್ತು ಸಿಗಲಿಲ್ಲವೇ ಎಂದು ನೀವು ಕೇಳಬಹುದು. ಹೊತ್ತಿತ್ತು. ನಾಚಿಕೆಯೂ ಇತ್ತು.

ಮಧ್ಯಾಹ್ನ ಊಟವಾದ ಮೇಲೆ ನೀವು ನನ್ನನ್ನು ಬಿಡಲಿಲ್ಲ. ಕ್ಯಾಸೆಟ್ ಹಾಕಿ, ನೋಟ್‌ಬುಕ್ ತೆರೆದು, ನನ್ನ ಎರಡೂ ಪಕ್ಕದಲ್ಲಿ ಕುಳಿತಿರಿ.

"ಈಗ ಹೇಳು ಅಜ್ಜಿ. ಆನೆಸ್ಟ್ಲಿ."

"ನೀಲಿಯವನ ಪಾದವನ್ನ ಒಂದು ಸಲಾನೂ ತೋರಿಸಿಲ್ಲ. ಬರೀ ಸೊಂಟದ ಮೇಲೆ. ಕಾಣದೇ ಇರೋದಕ್ಕೆ ನಾನು ಏನಂತ ಹೇಳಲಿ? ಅವನಿಗೆ ನಂಬರ್ ಇಲ್ಲ."

"ನಂಬರೇ ಇಲ್ವಾ!"

"ಪಾದ ತೋರಿಸಲಿ, ಆಮೇಲೆ ನೋಡೋಣ."

ಚಿನ್ನಿ ಚಪ್ಪಾಳೆ ತಟ್ಟಿದಳು. "ಸೋ ನನ್ನೋಳು ಫಸ್ಟ್!"

"ನಿನ್ನೋಳು ಐದನೇದು."

"ಫೈವ್? ಅಜ್ಜೀ!"

"ಚೆಂದ ಕುಣೀತಾಳೆ. ಆದ್ರೆ ನಾಲ್ಕು ಸಲ ಬೆನ್ನು ಕೊಟ್ಟಳು. ಹೊಡೆಯೋಕೆ ಬಂದೋರು ಸುಮ್ನೆ ನಿಂತಿದ್ರು, ಪಾಪ, ಅವಳು ತಿರುಗಿ ಮುಗಿಸಲಿ ಅಂತ."

ಪುಟ್ಟು ಸೋಫಾದಿಂದ ಕೆಳಕ್ಕೆ ಜಾರಿ ನಕ್ಕ. ಚಿನ್ನಿ ಮೊದಲು ಮುಖ ಊದಿಸಿಕೊಂಡಳು, ಆಮೇಲೆ ಅವಳಿಗೂ ತಡೆಯಲಾಗಲಿಲ್ಲ. ನನಗೆ ಆಶ್ಚರ್ಯವಾಯಿತು. ಅವರಿಗೆ ಇಷ್ಟವಿಲ್ಲದ್ದನ್ನು ಹೇಳಿದ್ದೆ. ಆದರೂ ಇನ್ನೂ ಒತ್ತಿ ಕುಳಿತರು.

ಯಾರು ಮೊದಲು ಎಂದು ಕೇಳಿದಾಗ ಎರಡನೇ ಕ್ಯಾಸೆಟ್ ಹಾಕಿಸಿದೆ. ಬೂದಿ ಬಣ್ಣದ ಅಂಗಿಯ ಮುದುಕನೊಬ್ಬ ಅದರಲ್ಲಿ ಬರುತ್ತಾನೆ, ಸ್ವಲ್ಪ ಹೊತ್ತಿಗೆ ಸೋತು ಸಾಯುತ್ತಾನೆ. ಪುಟ್ಟುವಿನ ಪಟ್ಟಿಯಲ್ಲಿ ಅವನು ಹನ್ನೊಂದನೆಯವನು. ಹಿಮದ ಮೇಲೆ ಕಾಳಗ. ತೆಗೆದವರು ದೂರದಿಂದ ತೆಗೆದಿದ್ದರು, ಹಾಗಾಗಿ ಪಾದ ಕಾಣುತ್ತಿತ್ತು.

"ನಿಲ್ಲಿಸು. ಹಿಂದಕ್ಕೆ. ಇಲ್ಲಿ. ಎದುರಿನವನ ಕೋಲು ಆರಿಹೋಯ್ತು ನೋಡು. ಈಗ ಮುದುಕನ ಬಲಗಾಲು ನೋಡು."

ಚಿತ್ರ ನಡುಗುತ್ತಾ ನಿಂತಿತ್ತು. ಇಬ್ಬರೂ ಟಿವಿಗೆ ಮೂಗು ತಾಗುವಷ್ಟು ಹತ್ತಿರ ಹೋದಿರಿ.

"ಹಾಫ್ ಸ್ಟೆಪ್" ಎಂದ ಪುಟ್ಟು ಮೆಲ್ಲಗೆ.

"ಬಟ್ ಹಿ ಡೈಸ್, ಅಜ್ಜಿ" ಎಂದಳು ಚಿನ್ನಿ.

"ಸಾಯ್ತಾನೆ. ನೀನು ಕೇಳಿದ್ದು ಯಾರಿಗೆ ಕೋಲು ಚೆನ್ನಾಗಿ ಗೊತ್ತು ಅಂತ. ಇವನಿಗೆ ಗೊತ್ತು."

ನೀವು ಸ್ವಲ್ಪ ಹೊತ್ತು ಇಂಗ್ಲಿಷಿನಲ್ಲಿ ವಾದ ಮಾಡಿದಿರಿ. ನನಗೆ ಅರ್ಥವಾಗಲಿಲ್ಲ. ಕೊನೆಗೆ ಪುಟ್ಟು ಸ್ಕೇಲು ತಂದು ನೋಟ್‌ಬುಕ್ಕಿನಲ್ಲಿ ಹೊಸದೊಂದು ಗೆರೆ ಎಳೆದ. ವೇಗ, ಬಲ, ಹಾರುವುದು, ತಡೆಯುವುದು, ಇವುಗಳ ಪಕ್ಕದಲ್ಲಿ ಪಾದ. ಎಲ್ಲರಿಗೂ ಹೊಸದಾಗಿ ಅಂಕ ಹಾಕಲು ಇಡೀ ಸಂಜೆ ಹಿಡಿಯಿತು. ಮುದುಕನ ಹನ್ನೊಂದನ್ನು ಚಿನ್ನಿ ಅಳಿಸಿ ಒಂದು ಎಂದು ಬರೆದು, ಮುಂದೆ ಒಂದು ಪ್ರಶ್ನೆಯ ಗುರುತು ಹಾಕಿದಳು. ಅವಳಿಗೆ ಪೂರ್ತಿ ಒಪ್ಪಿಗೆಯಾಗಿರಲಿಲ್ಲ. ಅದೂ ನನಗೆ ಹಿಡಿಸಿತು.

ವುಡ್‌ಲ್ಯಾಂಡ್ಸ್‌ಗೆ ವಾಪಸು ಬಂದ ಮೇಲೆ ಚಿನ್ನಿ ಕುದುರೆಯ ಚಿತ್ರವೊಂದನ್ನು ತಂದು, "ಅಜ್ಜಿ, ನಿಜ ಹೇಳು" ಎಂದಳು. ಹಿಂಗಾಲು ಉದ್ದವಾಯಿತು ಎಂದೆ. ಅವಳು ರಬ್ಬರು ತಂದು ಅಲ್ಲೇ ಕುಳಿತು ಅಳಿಸಿದಳು. ಅವರಮ್ಮನ ಹತ್ತಿರ ಹೋಗಲಿಲ್ಲ.

ನಾನು ಹೊರಡುವ ದಿನ ಹ್ಯೂಸ್ಟನ್ ವಿಮಾನ ನಿಲ್ದಾಣಕ್ಕೆ ಡಾಲಸ್‌ನವರೂ ಬಂದಿದ್ದರು. ಪುಟ್ಟುವಿನ ತಲೆ ಸವರಿ, "ನಿನ್ನ ನೆನಪಾಗುತ್ತೆ ಕಣೋ" ಎಂದೆ. ಎದೆಯಲ್ಲಿ ಅಳುಕು ಇದ್ದೇ ಇತ್ತು.

"ಐ ನೋ" ಎಂದ.

ಅಷ್ಟೇ ಹೇಳಿ ನನ್ನ ಕೈಚೀಲ ಎತ್ತಿಕೊಂಡು ಮುಂದೆ ನಡೆದ.

ಈ ಹಾಳೆಗಳ ಜೊತೆಗೆ ಆ ನೋಟ್‌ಬುಕ್ಕಿನ ಪುಟವೂ ಇದೆ. ಹೊರಡುವಾಗ ಚಿನ್ನಿ ಹರಿದು ನನ್ನ ಪರ್ಸಿನಲ್ಲಿಟ್ಟಿದ್ದಳು. ಎರಡನ್ನೂ ಒಟ್ಟಿಗೆ ಜೋಪಾನವಾಗಿ ಇಡಿ. ಡಾಲಸ್‌ನಲ್ಲೇ ಇರಲಿ. ಹ್ಯೂಸ್ಟನ್‌ನ ತೇವಕ್ಕೆ ಹಪ್ಪಳವೇ ಮೆತ್ತಗಾಗುತ್ತದೆ, ಕಾಗದ ಉಳಿಯುವುದಿಲ್ಲ. ಚಿನ್ನೀ, ಬೇಜಾರು ಮಾಡಿಕೊಳ್ಳಬೇಡ. ಇದನ್ನು ಯಾರನ್ನೂ ಮೆಚ್ಚಿಸಲು ಹೇಳುತ್ತಿಲ್ಲ, ಇರುವುದೇ ಹಾಗೆ.